ಟ್ರೇಡ್ ಆಗಿ ಬಂದ ಸೆಂಟರ್ ಮಂಕಾದರೆ: ದೋಷ ಹುಡುಕುವ ಕ್ರಮ

ದೂರು ಯಾವಾಗಲೂ ಒಂದೇ ಧಾಟಿಯದು. ಐಸ್ ಹಾಕಿ ತಂಡವೊಂದು ದೊಡ್ಡ ಬೆಲೆ ಕೊಟ್ಟು, ಟ್ರೇಡ್‌ನಲ್ಲಿ (ತಂಡಗಳ ನಡುವೆ ಆಟಗಾರರ ಅದಲುಬದಲು) ಒಬ್ಬ ಸೆಂಟರ್‌ನನ್ನು ತಂದಿತು. ಹಳೆಯ ತಂಡದಲ್ಲಿ ವರ್ಷಕ್ಕೆ ಅರವತ್ತು ಪಾಯಿಂಟ್ (ಗೋಲು ಹೊಡೆದರೆ ಒಂದು, ಹೊಡೆಯಲು ಪಾಸ್ ಕೊಟ್ಟರೆ, ಅಂದರೆ ಅಸಿಸ್ಟ್‌ಗೆ, ಒಂದು) ತೆಗೆಯುತ್ತಿದ್ದ. ಇಲ್ಲಿ ನಲವತ್ತಕ್ಕೆ ನಿಂತುಬಿಟ್ಟ. ಪಂದ್ಯ ಮುಗಿದ ಮೇಲೆ ಅವನು ಐಸ್ ಮೇಲೆ ಇದ್ದನೋ ಇಲ್ಲವೋ ನೆನಪಿಗೇ ಬರುವುದಿಲ್ಲ. ಎರಡು ತಿಂಗಳು ಕಳೆಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ತೀರ್ಪು: ದುಡ್ಡು ಸಿಕ್ಕಿತು, ಸೋಮಾರಿಯಾದ.

ಇರಬಹುದು. ಆದರೆ ಆ ತೀರ್ಪು ಪಟ್ಟಿಯಲ್ಲಿ ಕೊನೆಗೆ ಬರಬೇಕು.

ನಮ್ಮಪ್ಪ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಿದ್ದರು. "ನೀರು ಬರ್ತಿಲ್ಲ, ಮೋಟಾರ್ ಸುಟ್ಟೋಗಿದೆ" ಅಂತ ಯಾರಾದರೂ ಬಂದರೆ, ಅವರು ಮೊದಲು ಮೀಟರ್ ಹಿಡಿದು ಮೂರೂ ಫೇಸ್ ಬರುತ್ತಿದೆಯಾ ಎಂದು ನೋಡುತ್ತಿದ್ದರು. ಆಮೇಲೆ ಫ್ಯೂಸ್. ಆಮೇಲೆ ಸ್ಟಾರ್ಟರ್, ಕೇಬಲ್. ಮೋಟಾರ್ ಮೇಲೆತ್ತುವ ಮಾತು ಕಟ್ಟಕಡೆಗೆ. ಎಷ್ಟೋ ಸಲ ಮುನ್ನೂರು ಅಡಿ ಪೈಪ್ ಎತ್ತಿಸಿ ನೋಡಿದರೆ ಮೋಟಾರ್ ಸರಿಯಾಗೇ ಇರುತ್ತದೆ, ಎತ್ತಿದ ಕೂಲಿ ಮಾತ್ರ ದಂಡ. ನಾನು ಎನ್‌ಎಚ್‌ಎಲ್, ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್, ನೋಡುವಾಗಲೂ ಅದೇ ಕ್ರಮ ಹಿಡಿಯುತ್ತೇನೆ. ಸುಲಭವಾಗಿ ನೋಡಬಹುದಾದದ್ದು ಮೊದಲು, ಬಿಚ್ಚಬೇಕಾದದ್ದು ಕೊನೆಗೆ.

ಉದಾಹರಣೆಗೆ ಒಬ್ಬನನ್ನೇ ಹಿಡಿದುಕೊಳ್ಳುತ್ತೇನೆ: ಕೆನಡಾದ ಕ್ವಿಬೆಕ್‌ನ ಪಿಯೆರ್-ಲ್ಯೂಕ್ ಡುಬ್ವಾ. ಯಾಕೆಂದರೆ ಇವನ ಕೇಸಿನಲ್ಲಿ ಮೆಕ್ಯಾನಿಕ್‌ಗಳು ಆಸೆಪಡುವಂಥ ಒಂದು ಪರೀಕ್ಷೆ ತಾನಾಗಿಯೇ ನಡೆದುಹೋಗಿದೆ. ಒಂದು ಪಾರ್ಟ್ ಕೆಟ್ಟಿದೆಯೋ ಇಲ್ಲವೋ ಅನುಮಾನ ಬಂದರೆ ಅದನ್ನು ಬಿಚ್ಚಿ ಇನ್ನೊಂದು ಮೆಷಿನ್‌ಗೆ ಹಾಕಿ ನೋಡುತ್ತೇವೆ ಅಲ್ವಾ? 2023-24ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಪರ 82 ಪಂದ್ಯ, 40 ಪಾಯಿಂಟ್. 2024-25ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಪರ 82 ಪಂದ್ಯ, 66 ಪಾಯಿಂಟ್. ಆಟಗಾರ ಅವನೇ, ಒಪ್ಪಂದ ಅದೇ, ಎರಡೂ ವರ್ಷ ಒಂದು ಪಂದ್ಯವನ್ನೂ ತಪ್ಪಿಸಿಕೊಂಡಿಲ್ಲ. ಗಾಯದ ನೆಪಕ್ಕೂ ಜಾಗವಿಲ್ಲ. ಇಷ್ಟು ಶುದ್ಧವಾದ ಹೋಲಿಕೆ ಸಿಗುವುದು ಅಪರೂಪ.

ಮೊದಲೇ ಒಂದು ತಪ್ಪು ಕಲ್ಪನೆ ತೆಗೆಯಬೇಕು

ಕೊಡಗಿನ ಹಾಕಿ ನೋಡಿ ಬೆಳೆದವರಿಗೆ ಸೆಂಟರ್ ಅಂದ ಕೂಡಲೇ ಸೆಂಟರ್ ಫಾರ್ವರ್ಡ್ ಕಣ್ಣಮುಂದೆ ಬರುತ್ತಾನೆ. ಗೋಲಿನ ಮುಂದೆ ನಿಂತು ಬಂದದ್ದನ್ನು ಒಳಗೆ ತಳ್ಳುವವನು. ಐಸ್ ಹಾಕಿಯ ಸೆಂಟರ್ ಅರ್ಧ ಮಾತ್ರ ಅವನು. ಇನ್ನರ್ಧ ನಮ್ಮ ಸೆಂಟರ್ ಹಾಫ್. ಫೇಸ್‌ಆಫ್ ತೆಗೆದುಕೊಳ್ಳಬೇಕು, ಅಂದರೆ ಆಟ ಶುರುವಾಗುವಾಗ ಇಬ್ಬರ ನಡುವೆ ಬೀಳಿಸುವ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಗೆಲ್ಲಬೇಕು. ಎದುರಾಳಿ ದಾಳಿ ಮಾಡಿದಾಗ ಮೂವರು ಫಾರ್ವರ್ಡ್‌ಗಳಲ್ಲಿ ಎಲ್ಲರಿಗಿಂತ ಕೆಳಗೆ ಇಳಿದು ತನ್ನ ಗೋಲಿಯ (ಗೋಲ್‌ಕೀಪರ್) ಮುಂದೆ ಕಾಯಬೇಕು. ಪಕ್ ಸಿಕ್ಕ ಕೂಡಲೇ ಅದನ್ನು ಮಧ್ಯದಿಂದ ಮೇಲೆ ಒಯ್ಯಬೇಕು. ಇದೆಲ್ಲ ಮುಕ್ಕಾಲು ನಿಮಿಷದ ಒಂದು ಶಿಫ್ಟ್‌ನಲ್ಲಿ, ಅಂದರೆ ಬೆಂಚಿನಿಂದ ಇಳಿದು ಮತ್ತೆ ಬೆಂಚಿಗೆ ಹೋಗುವಷ್ಟರಲ್ಲಿ. ಹಾಗಾಗಿ ಪಾಯಿಂಟ್ ಕಡಿಮೆಯಾಯಿತು ಎನ್ನುವುದು ಲಕ್ಷಣ ಮಾತ್ರ. ಜ್ವರ ಇದ್ದ ಹಾಗೆ. ಯಾವ ಕಾಯಿಲೆ ಎಂದು ಅದು ಹೇಳುವುದಿಲ್ಲ.

ಇನ್ನೊಂದು ಮಾತು. ಮೊದಲ ಇಪ್ಪತ್ತು ಪಂದ್ಯ ಆಗುವ ತನಕ ಈ ಕೈಪಿಡಿ ತೆಗೆಯಬೇಡಿ. ಹೊಸ ಊರು, ಹೊಸ ಭಾಷೆಯ ಸನ್ನೆಗಳು, ಹೊಸ ಬೆಂಚು. ಸೀಸನ್ ನಡುವೆ ಬಂದವನಿಗಂತೂ ಸರಿಯಾಗಿ ಅಭ್ಯಾಸಕ್ಕೂ ಸಮಯ ಸಿಗುವುದಿಲ್ಲ. ಡುಬ್ವಾ 2021ರ ಜನವರಿಯಲ್ಲಿ ಕೊಲಂಬಸ್‌ನಿಂದ ವಿನ್ನಿಪೆಗ್‌ಗೆ ಬಂದಾಗ, ಗಡಿ ದಾಟಿದ್ದಕ್ಕೆ 14 ದಿನ ಕ್ವಾರಂಟೈನ್ ಮುಗಿಸಿ ಐಸ್‌ಗೆ ಇಳಿದ. ಆ ಅರ್ಧ ಸೀಸನ್‌ನಲ್ಲಿ 41 ಪಂದ್ಯಕ್ಕೆ 20 ಪಾಯಿಂಟ್. ಆಗಲೂ ಇದೇ ಗೊಣಗಾಟ ಇತ್ತು. ಮುಂದಿನ ವರ್ಷ 60, ಅದರ ಮುಂದಿನ ವರ್ಷ 73 ಪಂದ್ಯಕ್ಕೇ 63.

ಮೊದಲ ತಪಾಸಣೆ: ಕುರ್ಚಿ ಖಾಲಿ ಇತ್ತಾ?

ಶೇಕಡಾ ಎಪ್ಪತ್ತು ದೋಷ ಇಲ್ಲೇ ಸಿಗುತ್ತದೆ ಎಂದು ನನ್ನ ಅನುಭವ. ಲೆಕ್ಕ ಇಟ್ಟಿಲ್ಲ, ಅಂದಾಜು.

ಒಂದು ಹಾಳೆ ತೆಗೆದುಕೊಳ್ಳಿ. ಟ್ರೇಡ್ ಆದ ದಿನ ಆ ತಂಡದಲ್ಲಿದ್ದ ಸೆಂಟರ್‌ಗಳ ಹೆಸರನ್ನು ಒಂದರ ಕೆಳಗೊಂದು ಬರೆಯಿರಿ. ಹೊಸಬನನ್ನು ಎಲ್ಲಿ ಬರೆಯುತ್ತೀರಿ? ಕೈ ತಡವರಿಸಿದರೆ ತಂಡದ ಕೋಚ್‌ಗೂ ಹಾಗೇ ಆಗಿರುತ್ತದೆ.

2023ರ ಜೂನ್ 27ರಂದು ಕಿಂಗ್ಸ್ ಡುಬ್ವಾನನ್ನು ತಂದರು. ಕೊಟ್ಟದ್ದು ಗೇಬ್ರಿಯಲ್ ವಿಲಾರ್ಡಿ, ಅಲೆಕ್ಸ್ ಐಯಫಾಲೊ, ರಾಸ್ಮಸ್ ಕುಪಾರಿ, ಜೊತೆಗೆ 2024ರ ಎರಡನೇ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆ (ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸುವುದು ಡ್ರಾಫ್ಟ್). ಬಂದವನಿಗೆ ಎಂಟು ವರ್ಷ, ವರ್ಷಕ್ಕೆ 85 ಲಕ್ಷ ಡಾಲರ್. ಈಗ ಹಾಳೆ ನೋಡಿ. ಮೊದಲ ಹೆಸರು ಆಂಜೆ ಕೊಪಿಟಾರ್. ಎರಡು ಸಲ ಸೆಲ್ಕಿ ಟ್ರೋಫಿ, ಅಂದರೆ ಡಿಫೆನ್ಸ್ ಚೆನ್ನಾಗಿ ಮಾಡುವ ಫಾರ್ವರ್ಡ್‌ಗೆ ಕೊಡುವ ಪ್ರಶಸ್ತಿ, ಗೆದ್ದವನು. ಆ ಸೀಸನ್‌ನಲ್ಲೂ 70 ಪಾಯಿಂಟ್ ತೆಗೆದ. ಎರಡನೇ ಹೆಸರು ಫಿಲಿಪ್ ಡನೋ. ಎದುರಾಳಿಯ ದೊಡ್ಡ ಲೈನ್ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳು) ಬಂದರೆ ಕಟ್ಟಿಹಾಕಲು ಕೋಚ್ ಕಣ್ಣುಮುಚ್ಚಿ ಕಳಿಸುವ ಮನುಷ್ಯ. ಇವರಿಬ್ಬರನ್ನು ಯಾರೂ ಕೆಳಗೆ ತಳ್ಳುವುದಿಲ್ಲ. ಉಳಿದದ್ದು ಮೂರನೇ ಲೈನ್. ಇನ್ನೂ ಒಂದು ತಮಾಷೆ: 2020ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆರಿಸಿದ ಕ್ವಿಂಟನ್ ಬೈಫೀಲ್ಡ್ ಕೂಡ ಮೂಲತಃ ಸೆಂಟರ್. ಜಾಗ ಇಲ್ಲದೆ ಅವನನ್ನು ಕೊಪಿಟಾರ್‌ನ ಪಕ್ಕಕ್ಕೆ ವಿಂಗರ್ ಮಾಡಿ ಆಡಿಸುತ್ತಿದ್ದರು.

ಹಾಗಾದರೆ ಯಾಕೆ ತಂದರು? ಲೆಕ್ಕಾಚಾರ ಅರ್ಥವಾಗುತ್ತದೆ. ಕೊಪಿಟಾರ್‌ಗೆ ಆಗ 36 ತುಂಬುವುದರಲ್ಲಿತ್ತು. ಅವನ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಆದರೆ ಅದೇ ಬೇಸಿಗೆಯಲ್ಲಿ ಕೊಪಿಟಾರ್ ಜೊತೆಗೂ 2026ರ ತನಕ ಒಪ್ಪಂದ ಮುಂದುವರಿಸಿದರು. ಅಂದರೆ ಕುರ್ಚಿ ಖಾಲಿಯಾಗುವುದು ಮೂರು ವರ್ಷದ ಮೇಲೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಹಾಗೆ. ಕಿಂಗ್ಸ್ ಟವೆಲ್ ಹಾಕಿದ್ದು ಸರಿ, ಸೀಟಿನಲ್ಲಿ ಜನ ಕೂತಿದ್ದರು.

ಈಗ ಎರಡನೇ ಹಾಳೆ. 2024ರ ಜೂನ್, ವಾಷಿಂಗ್ಟನ್. ನಿಕ್ಲಾಸ್ ಬ್ಯಾಕ್‌ಸ್ಟ್ರಮ್ ಸೊಂಟದ ತೊಂದರೆಯಿಂದ 2023ರ ನವೆಂಬರ್‌ನಲ್ಲೇ ಆಟ ನಿಲ್ಲಿಸಿದ್ದ. ಎವ್ಗೆನಿ ಕುಜ್ನೆಟ್ಸೊವ್ 2024ರ ಮಾರ್ಚ್‌ನಲ್ಲಿ ಕ್ಯಾರೊಲೈನಾಗೆ ಹೋಗಿದ್ದ. ವರ್ಷಗಟ್ಟಲೆ ತಂಡದ ಮಧ್ಯ ಹಿಡಿದಿದ್ದ ಇಬ್ಬರೂ ಒಂದೇ ಸೀಸನ್‌ನಲ್ಲಿ ಇಲ್ಲವಾದರು. ಉಳಿದವನು ಡಿಲನ್ ಸ್ಟ್ರೋಮ್, ಅವನು ತಂಡದ ದೊಡ್ಡ ಗೋಲುಗಾರ ಒವೆಚ್ಕಿನ್ ಜೊತೆಗೆ. ಎರಡನೇ ಸಾಲು ಬರೆಯಲು ಪೆನ್ ಎತ್ತಿದರೆ ಜಾಗ ಕಣ್ಣಿಗೆ ಹೊಡೆಯುವಷ್ಟು ಖಾಲಿ. ಡುಬ್ವಾ ಅಲ್ಲಿ ಕೂತ.

ಎರಡನೇ ತಪಾಸಣೆ: ಎಷ್ಟು ನಿಮಿಷ ಸಿಗುತ್ತಿದೆ?

ಇದು ಸುಲಭ, ಹಾಗಾಗಿ ಎಲ್ಲರೂ ಇಲ್ಲೇ ನಿಂತುಬಿಡುತ್ತಾರೆ. "ಪಾಪ, ಅವನಿಗೆ ಆಡೋಕೇ ಬಿಟ್ಟಿಲ್ಲ" ಎಂದು. ಲೆಕ್ಕ ಹಾಕಿ ನೋಡೋಣ.

ವಿನ್ನಿಪೆಗ್‌ನಲ್ಲಿ ಪಂದ್ಯಕ್ಕೆ 18 ನಿಮಿಷದ ಮೇಲೆ ಆಡುತ್ತಿದ್ದ. ಲಾಸ್ ಏಂಜಲೀಸ್‌ನಲ್ಲಿ 16ಕ್ಕಿಂತ ಕಡಿಮೆ. 40 ಪಾಯಿಂಟ್‌ನ ಅದೇ ದರದಲ್ಲಿ 18 ನಿಮಿಷ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು? 45, ಹೆಚ್ಚೆಂದರೆ 47. ವಿನ್ನಿಪೆಗ್‌ನ ಕೊನೆಯ ವರ್ಷದ ದರವನ್ನು 82 ಪಂದ್ಯಕ್ಕೆ ಹಿಗ್ಗಿಸಿದರೆ ಸುಮಾರು 71 ಬರುತ್ತದೆ. ಅಂದರೆ ಕಾಣೆಯಾದ ಮೂವತ್ತು ಚಿಲ್ಲರೆ ಪಾಯಿಂಟ್‌ಗಳಲ್ಲಿ ನಿಮಿಷ ಕಡಿಮೆಯಾದದ್ದಕ್ಕೆ ಲೆಕ್ಕ ಹಚ್ಚಬಹುದಾದದ್ದು ಆರೇಳು ಅಷ್ಟೇ. ಕೇಬಲ್‌ನಲ್ಲಿ ಸ್ವಲ್ಪ ಸೋರಿಕೆ ಇದೆ, ನಿಜ. ನೀರು ನಿಂತಿರುವುದು ಅದರಿಂದ ಅಲ್ಲ. ಮುಂದೆ ಹೋಗಿ.

ಹೋಗುವ ಮುನ್ನ ಪವರ್‌ಪ್ಲೇ (ಎದುರಾಳಿಯೊಬ್ಬ ಶಿಕ್ಷೆಗೆ ಹೊರಗಿದ್ದಾಗ ಒಬ್ಬ ಹೆಚ್ಚಾಗಿ ಆಡುವ ಹೊತ್ತು) ನೋಡಿಕೊಳ್ಳಿ. ಮೊದಲ ಪವರ್‌ಪ್ಲೇ ಘಟಕದಲ್ಲಿದ್ದವನು ಹೊಸ ತಂಡದಲ್ಲಿ ಎರಡನೆಯದಕ್ಕೆ ಇಳಿದರೆ ಪಾಯಿಂಟ್ ತನ್ನಷ್ಟಕ್ಕೆ ಇಳಿಯುತ್ತದೆ. ಅದು ಆಟ ಕೆಟ್ಟದ್ದಲ್ಲ, ಪಡಿ ಕಡಿಮೆಯಾದದ್ದು.

ಮೂರನೇ ತಪಾಸಣೆ: ಪಕ್ಕದಲ್ಲಿ ಯಾರು?

ಇಲ್ಲಿ ಟ್ರೇಡೇ ಇಲ್ಲದ ಒಂದು ಉದಾಹರಣೆ ಕೊಡುತ್ತೇನೆ, ವಿಷಯ ನಿಚ್ಚಳವಾಗುತ್ತದೆ. ಕ್ಯಾಲ್ಗರಿಯ ಎಲಿಯಾಸ್ ಲಿಂಡ್‌ಹೋಮ್. 2021-22ರಲ್ಲಿ ಒಂದು ಕಡೆ ಜಾನಿ ಗಾಡ್ರೊ, ಇನ್ನೊಂದು ಕಡೆ ಮ್ಯಾಥ್ಯೂ ಕಚಕ್. ಆ ವರ್ಷ ಇಬ್ಬರೂ ನೂರು ಪಾಯಿಂಟ್ ದಾಟಿದ್ದರು. ನಡುವಿನ ಲಿಂಡ್‌ಹೋಮ್‌ಗೆ 42 ಗೋಲು, 82 ಪಾಯಿಂಟ್. ಬೇಸಿಗೆಯಲ್ಲಿ ಆ ಇಬ್ಬರೂ ಬೇರೆ ಊರಿಗೆ ಹೋದರು. ಲಿಂಡ್‌ಹೋಮ್ ಅಲ್ಲೇ ಉಳಿದ. ಅದೇ ಊರು, ಅದೇ ಕೋಚ್, ಅದೇ ಲೈನ್. ಮರುವರ್ಷ 22 ಗೋಲು, 64 ಪಾಯಿಂಟ್. ಅವನು ಎಲ್ಲಿಗೂ ಹೋಗಲಿಲ್ಲ, ಪಕ್ಕದವರು ಹೋದರು.

ಡುಬ್ವಾನ ಅಂಕಿಗಳನ್ನು ಈ ಕಣ್ಣಿನಿಂದ ಬಿಡಿಸಿ ನೋಡಿ. ನಾನು ಮೊದಲ ಸಲ ಬಿಡಿಸಿದಾಗ ಸ್ವಲ್ಪ ಹೊತ್ತು ಕಾಫಿ ಮರೆತು ಕೂತಿದ್ದೆ. ಲಾಸ್ ಏಂಜಲೀಸ್‌ನಲ್ಲಿ 16 ಗೋಲು, 24 ಅಸಿಸ್ಟ್. ವಾಷಿಂಗ್ಟನ್‌ನಲ್ಲಿ 20 ಗೋಲು, 46 ಅಸಿಸ್ಟ್. ಎರಡು ಊರುಗಳ ನಡುವೆ 26 ಪಾಯಿಂಟ್ ವ್ಯತ್ಯಾಸ, ಅದರಲ್ಲಿ ಗೋಲು ನಾಲ್ಕೇ ನಾಲ್ಕು. ಉಳಿದ 22 ಅಸಿಸ್ಟ್. ಅಂದರೆ ಇವನು ಹೊಡೆಯುವುದು ಭಾರೀ ಏನೂ ಸುಧಾರಿಸಲಿಲ್ಲ. ಇವನು ಕೊಟ್ಟ ಪಕ್ ಅನ್ನು ಒಳಗೆ ಹಾಕುವ ಕೈಗಳು ಸಿಕ್ಕವು.

ಯಾರ ಕೈಗಳು? ಬಲಗಡೆ ಟಾಮ್ ವಿಲ್ಸನ್, 33 ಗೋಲು. ಎಡಗಡೆ ಕಾನರ್ ಮೆಕ್‌ಮೈಕಲ್, 26 ಗೋಲು. ಇಬ್ಬರಿಗೂ ಅದು ಅಲ್ಲಿಯ ತನಕದ ಅತಿ ಹೆಚ್ಚು. ಇಲ್ಲಿ ಒಂದು ಎಚ್ಚರ: ಇವರಿಂದ ಅವನು ಬೆಳೆದನೋ, ಅವನಿಂದ ಇವರು ಬೆಳೆದರೋ ಎಂದು ಬರೀ ಗೋಲು ಎಣಿಸಿ ಹೇಳಲಾಗುವುದಿಲ್ಲ. ನನ್ನ ಮಟ್ಟಿಗೆ ಎರಡೂ ನಿಜ. ವಿಲ್ಸನ್ ಗೋಲಿನ ಮುಂದೆ ಬಂಡೆಯ ಹಾಗೆ ನಿಲ್ಲುತ್ತಾನೆ. ಮೆಕ್‌ಮೈಕಲ್ ಚುರುಕು, ಹಿಂದಿನಿಂದ ಬಂದು ನುಗ್ಗುತ್ತಾನೆ. ನಡುವೆ ಪಕ್ ಹಿಡಿದು ಎರಡು ಕ್ಷಣ ಕಾಯಬಲ್ಲ ದೊಡ್ಡ ಮೈ ಬೇಕಿತ್ತು. ಆರಡಿ ನಾಲ್ಕು ಇಂಚಿನ ಡುಬ್ವಾಗೆ ಬರುವುದೇ ಆ ಕೆಲಸ.

ಕಿಂಗ್ಸ್‌ನಲ್ಲಿ ಒಳ್ಳೆಯ ಜೋಡಿಗಳು ಮೊದಲೇ ಕಟ್ಟಿಕೊಂಡಿದ್ದವು. ಏಡ್ರಿಯನ್ ಕೆಂಪೆ ಮತ್ತು ಬೈಫೀಲ್ಡ್ ಕೊಪಿಟಾರ್ ಜೊತೆ. ಆ ವರ್ಷ 31 ಗೋಲು ಹೊಡೆದ ಟ್ರೆವರ್ ಮೂರ್ ಡನೋ ಜೊತೆ. ಮೂರನೇ ಲೈನ್‌ಗೆ ಬರುತ್ತಿದ್ದವರು ಆಗಾಗ ಬದಲಾಗುತ್ತಿದ್ದರು. ಪಾಸ್ ಕೊಡುವವನಿಗೆ ತನ್ನ ವಿಂಗರ್ ಎಲ್ಲಿರುತ್ತಾನೆ ಎಂದು ನೋಡದೆಯೇ ಗೊತ್ತಿರಬೇಕು. ಅದು ಹತ್ತು ಪಂದ್ಯದಲ್ಲಿ ಬರುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವಂಥ ಶಿಫ್ಟ್‌ಗಳನ್ನು ಆ ಚಳಿಗಾಲದಲ್ಲಿ ನಾನು ಸಾಕಷ್ಟು ನೋಡಿದೆ.

ನಾಲ್ಕನೇ ತಪಾಸಣೆ: ತಂಡದ ಆಟದ ರೀತಿ

ಇದಕ್ಕೆ ಅಂಕಿ ಸಾಲದು, ಕೂತು ನೋಡಬೇಕು. ಲಾಸ್ ಏಂಜಲೀಸ್‌ನಲ್ಲಿ ರಾತ್ರಿ ಏಳೂವರೆಯ ಪಂದ್ಯ ನಮಗೆ ಚಳಿಗಾಲದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತದೆ. ತಿಂಡಿ ತಿನ್ನುತ್ತಾ ನೋಡಬಹುದು. (ವಾಷಿಂಗ್ಟನ್‌ಗೆ ಹೋಗಿ ನನ್ನ ನಿದ್ದೆ ಕೆಡಿಸಿದ. ಅಲ್ಲಿನ ಏಳು ಗಂಟೆ ನಮಗೆ ಬೆಳಿಗ್ಗೆ ಐದೂವರೆ.)

ನೋಡುವ ವಿಧಾನ ಹೇಳುತ್ತೇನೆ. ಪಕ್ ನೋಡಬೇಡಿ. ನಿಮ್ಮ ಸೆಂಟರ್ ಐಸ್‌ಗೆ ಇಳಿದ ಕೂಡಲೇ ಅವನ ಕಾಲುಗಳ ಮೇಲೆ ಕಣ್ಣಿಡಿ, ಅವನು ಬೆಂಚಿಗೆ ವಾಪಸ್ ಹೋಗುವ ತನಕ ತೆಗೆಯಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ರಿಂಕ್ ಚಿತ್ರ ಬರೆದುಕೊಂಡು, ಅವನ ಸ್ಟಿಕ್‌ಗೆ ಪಕ್ ಮೊದಲು ಸಿಕ್ಕ ಜಾಗಕ್ಕೆ ಒಂದು ಚುಕ್ಕಿ ಇಡಿ. ಆಗ ಅವನು ನಿಂತಿದ್ದರೆ ಸುಮ್ನೆ ಚುಕ್ಕಿ. ಓಡುತ್ತಿದ್ದರೆ ಚುಕ್ಕಿಗೆ ಒಂದು ಬಾಲ. ಮೂರು ಪಂದ್ಯ ಹೀಗೆ ಮಾಡಿದರೆ ಸಾಕು, ಹಾಳೆಯೇ ಮಾತಾಡುತ್ತದೆ.

ಕಿಂಗ್ಸ್ ಆಗ 1-3-1 ಎನ್ನುವ ರೀತಿಗೆ ಹೆಸರಾಗಿದ್ದರು. ಎದುರಾಳಿ ತನ್ನ ಕಡೆಯಿಂದ ಪಕ್ ತರುವಾಗ ಒಬ್ಬ ಮುಂದೆ ಹೋಗಿ ಒಂದು ಬದಿಗೆ ತಳ್ಳುತ್ತಾನೆ. ಮೂವರು ಮಧ್ಯದಲ್ಲಿ ಅಡ್ಡಕ್ಕೆ ಗೋಡೆ ಹಾಕುತ್ತಾರೆ. ಕೊನೆಯವನು ಹಿಂದೆ ಕಾಯುತ್ತಾನೆ. ದಾರಿ ಸಿಗದೆ ಎದುರಾಳಿ ಪಕ್ ಅನ್ನು ಒಳಗೆ ಎಸೆಯುತ್ತಾನೆ, ಹಿಂದಿನವನು ಹೆಕ್ಕಿಕೊಳ್ಳುತ್ತಾನೆ. ಅಲ್ಲಿಂದ ನಿಧಾನವಾಗಿ ಮತ್ತೆ ಕಟ್ಟಬೇಕು. ಗೆಲ್ಲಲು ಇದು ಒಳ್ಳೆಯ ಉಪಾಯ. ಆ ಸೀಸನ್ ಶುರುವಿನಲ್ಲಿ ಕಿಂಗ್ಸ್ ಹೊರ ಊರಿನ ಮೊದಲ 11 ಪಂದ್ಯಗಳನ್ನೂ ಗೆದ್ದಿದ್ದರು, ಅದು ಲೀಗ್ ದಾಖಲೆ.

ಆದರೆ ಡುಬ್ವಾ ಚೆನ್ನಾಗಿ ಕಾಣುವುದು ಬೇರೆ ಸನ್ನಿವೇಶದಲ್ಲಿ. ತನ್ನ ಗೋಲಿನ ಹತ್ತಿರದಿಂದ ಹೊರಟು, ಮೂರು ದೊಡ್ಡ ಹೆಜ್ಜೆ ಹಾಕಿ ವೇಗ ಬಂದ ಮೇಲೆ ಪಕ್ ಸಿಗಬೇಕು. ಆಗ ಬ್ಲೂ ಲೈನ್‌ನಲ್ಲಿ (ಎದುರಾಳಿಯ ವಲಯ ಶುರುವಾಗುವ ಗೆರೆ) ನಿಂತ ಡಿಫೆನ್ಸ್‌ಮನ್‌ಗೆ ತಲೆನೋವು: ಹಿಂದೆ ಸರಿದರೆ ಶಾಟ್, ಮುಂದೆ ಬಂದರೆ ಭುಜ ಕೊಟ್ಟು ದಾಟಿಹೋಗುತ್ತಾನೆ. ಗೋಡೆಯಲ್ಲಿ ನಿಂತು ಕಾದು, ನಿಂತಲ್ಲೇ ಪಕ್ ಪಡೆದರೆ ಇದೇ ಮನುಷ್ಯ ಬೀದಿ ಬದಿಯ ಕಂಬದ ಹಾಗೆ. ನನ್ನ ನೋಟ್‌ಬುಕ್ಕಿನಲ್ಲಿ ಲಾಸ್ ಏಂಜಲೀಸ್‌ನ ಹಾಳೆಗಳ ತುಂಬ ಬಾಲವಿಲ್ಲದ ಚುಕ್ಕಿಗಳೇ ಜಾಸ್ತಿ. ಬೋರ್ಡ್ ಪಕ್ಕ, ನಿಂತ ಕಾಲು.

ಇದನ್ನೇ ಟಿವಿಯಲ್ಲಿ ಪಕ್ ಹಿಂದೆ ಹೋಗುವ ಕ್ಯಾಮೆರಾದಿಂದ ನೋಡಿದವರಿಗೆ "ಓಡ್ತಾನೇ ಇಲ್ಲ" ಎಂದು ಕಾಣುತ್ತದೆ. ಓಡದಿರುವುದು ನಿಜ. ಓಡಬೇಡ ಎಂದದ್ದು ಯಾರು ಎಂಬುದು ಕ್ಯಾಮೆರಾದಲ್ಲಿ ಬರುವುದಿಲ್ಲ.

ಐದನೇ ತಪಾಸಣೆ: ಅದೃಷ್ಟ

ಬೇಗ ಮುಗಿಸುತ್ತೇನೆ. 150 ಶಾಟ್ ಹೊಡೆದವನಿಗೆ 16 ಹೋದರೆ ನೂರಕ್ಕೆ ಹನ್ನೊಂದರ ಹತ್ತಿರ, 20 ಹೋದರೆ ಹದಿಮೂರು ದಾಟುತ್ತದೆ. ಆ ನಾಲ್ಕು ಗೋಲು ಇಡೀ ವರ್ಷದಲ್ಲಿ ಕಂಬಕ್ಕೆ ತಾಗಿ ಹೊರಗೆ ಹೋದ ನಾಲ್ಕು ಪಕ್ ಇರಬಹುದು. ಅವನು ಐಸ್ ಮೇಲಿದ್ದಾಗ ತಂಡದ ಶಾಟ್‌ಗಳಲ್ಲಿ ಶೇಕಡಾ ಎಷ್ಟು ಗೋಲಾಯಿತು, ತನ್ನ ಗೋಲಿ ಶೇಕಡಾ ಎಷ್ಟು ತಡೆದ, ಎರಡನ್ನೂ ಕೂಡಿಸಿ. ಮೊತ್ತ ನೂರರ ಆಸುಪಾಸು ಇದ್ದರೆ ಅದೃಷ್ಟವನ್ನು ದೂರಬೇಡಿ. ತೊಂಬತ್ತೇಳಕ್ಕೆ ಇಳಿದಿದ್ದರೆ ಏನೂ ಮಾಡದೆ ಇನ್ನಿಪ್ಪತ್ತು ಪಂದ್ಯ ಕಾಯಿರಿ.

ಈಗ ಮೋಟಾರ್ ಎತ್ತಿ

ಮೇಲಿನದೆಲ್ಲ ನೋಡಿಯಾದ ಮೇಲೂ ಅನುಮಾನ ಉಳಿದರೆ ಆಟಗಾರನನ್ನು ಬಿಚ್ಚಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಇಷ್ಟು ಹೊತ್ತು ನೆಲ ಅಳೆದದ್ದು ನೆಲ ನಿಜವಾಗಿ ಡೊಂಕಿದ್ದರಿಂದ. ಆದರೆ ಕುಣಿಯುವವನ ಕಾಲನ್ನೂ ನೋಡದಿದ್ದರೆ ಈ ಕೈಪಿಡಿ ವಕಾಲತ್ತು ಆಗಿಬಿಡುತ್ತದೆ.

ಡುಬ್ವಾನ ಹಳೆಯ ಕಡತ ಸ್ವಚ್ಛವಾಗಿಲ್ಲ. 2016ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆರಿಸಿದ ಕೊಲಂಬಸ್‌ನಿಂದ ಟ್ರೇಡ್ ಕೇಳಿದ. 2021ರ ಜನವರಿ 21ರಂದು ಟ್ಯಾಂಪಾ ವಿರುದ್ಧ ಅವನು ಆಡಿದ ಒಂದು ಶಿಫ್ಟ್ ಎಷ್ಟು ನಿರುತ್ಸಾಹದ್ದಾಗಿತ್ತೆಂದರೆ, ಕೋಚ್ ಜಾನ್ ಟಾರ್ಟೊರೆಲ್ಲಾ ಅವನನ್ನು ಬೆಂಚಿನಲ್ಲಿ ಕೂರಿಸಿ ಮತ್ತೆ ಇಳಿಸಲೇ ಇಲ್ಲ. ಇಡೀ ಪಂದ್ಯದಲ್ಲಿ ನಾಲ್ಕು ನಿಮಿಷವೂ ಆಡಲಿಲ್ಲ. ಎರಡು ದಿನದಲ್ಲಿ ಪ್ಯಾಟ್ರಿಕ್ ಲೈನೆ ಮತ್ತು ಜ್ಯಾಕ್ ರೊಸ್ಲೊವಿಕ್‌ಗೆ ಬದಲಾಗಿ ವಿನ್ನಿಪೆಗ್‌ಗೆ ಹೋದ. ಅಲ್ಲೂ ಉದ್ದದ ಒಪ್ಪಂದಕ್ಕೆ ಒಪ್ಪಲಿಲ್ಲ. ಹೀಗಿರುವಾಗ ಲಾಸ್ ಏಂಜಲೀಸ್‌ನ ಜನ ಅವನ ಮನಸ್ಸನ್ನೇ ಅನುಮಾನಿಸಿದ್ದರಲ್ಲಿ ತಪ್ಪೇನಿದೆ?

ಕೊಲಂಬಸ್‌ನ ಆ ಶಿಫ್ಟ್‌ಗೂ ಕಿಂಗ್ಸ್‌ನ ಮಂಕು ಚಳಿಗಾಲಕ್ಕೂ ವ್ಯತ್ಯಾಸ ಗುರುತಿಸುವ ಒಂದು ಗುರುತು ಇದೆ. ಪಕ್ ಕಳೆದುಕೊಂಡ ತಕ್ಷಣದ ಎರಡು ಸೆಕೆಂಡ್ ನೋಡಿ. ಮನಸ್ಸು ಬಿಟ್ಟವನು ತಿರುಗುವುದಿಲ್ಲ, ಜಾರುತ್ತಾ ನಿಲ್ಲುತ್ತಾನೆ. ದಾರಿ ಕಾಣದವನು ತಿರುಗುತ್ತಾನೆ, ಆದರೆ ತಪ್ಪು ಕಡೆಗೆ ತಿರುಗುತ್ತಾನೆ. ಟ್ಯಾಂಪಾ ವಿರುದ್ಧ ನಾನು ಕಂಡದ್ದು ಮೊದಲನೆಯದು. ಕಿಂಗ್ಸ್‌ನಲ್ಲಿ ಹೆಚ್ಚಾಗಿ ಕಂಡದ್ದು ಎರಡನೆಯದು. ಮೊದಲನೆಯದೂ ಆಗೊಮ್ಮೆ ಈಗೊಮ್ಮೆ ಇತ್ತು, ಇಲ್ಲವೆನ್ನಲಾರೆ. ಮೂರನೇ ಲೈನ್‌ನಲ್ಲಿ ಕೂತ 85 ಲಕ್ಷದ ಆಟಗಾರ ಎರಡು ಪಟ್ಟು ಓಡಿ ತೋರಿಸಬೇಕಿತ್ತು. ಅವನು ಓಡಲಿಲ್ಲ. ಆ ಪಾಲು ಅವನದೇ.

ಬೆಲೆಯ ಸಿಟ್ಟನ್ನು ಆಟದ ಲೆಕ್ಕಕ್ಕೆ ಸೇರಿಸಬೇಡಿ

ಇದು ತಪಾಸಣೆಯಲ್ಲ, ತಪಾಸಣೆ ಕೆಡಿಸುವ ಸಂಗತಿ. ಆ ಸೀಸನ್‌ನಲ್ಲಿ ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ 8 ಕೋಟಿ 35 ಲಕ್ಷ ಡಾಲರ್. ಅದರಲ್ಲಿ ಹತ್ತನೇ ಒಂದು ಭಾಗ ಮೂರನೇ ಲೈನ್‌ಗೆ ಹೋಯಿತು. ಅತ್ತ ವಿನ್ನಿಪೆಗ್‌ನಲ್ಲಿ ವಿಲಾರ್ಡಿ 47 ಪಂದ್ಯಕ್ಕೆ 22 ಗೋಲು ಹೊಡೆದ. ಹೊಟ್ಟೆ ಉರಿಯದೆ ಇರುತ್ತದಾ? ಆದರೆ ಆ ಒಪ್ಪಂದ ಬರೆದದ್ದು ಮ್ಯಾನೇಜರ್‌ಗಳು. ಡುಬ್ವಾ ಅರ್ಧ ಸಂಬಳಕ್ಕೆ ಇದೇ 40 ಪಾಯಿಂಟ್ ತೆಗೆದಿದ್ದರೆ "ಒಳ್ಳೆಯ ಮೂರನೇ ಸೆಂಟರ್" ಎಂದು ಜನ ಸುಮ್ಮನಿರುತ್ತಿದ್ದರು. ಹಾಗಾಗಿ ಎರಡು ಕಾಲಂ ಹಾಕಿಕೊಳ್ಳಿ. ಒಂದರಲ್ಲಿ ಆಟ, ಇನ್ನೊಂದರಲ್ಲಿ ದುಡ್ಡು. ಮೊದಲನೆಯದನ್ನು ಬರೆದು ಮುಗಿಸುವ ತನಕ ಎರಡನೆಯದನ್ನು ಕೈಯಿಂದ ಮುಚ್ಚಿಕೊಳ್ಳಿ.

ದುರಸ್ತಿ

ಕಿಂಗ್ಸ್ ಮೊದಲು ಮಾಡಿದ್ದು ವಿಂಗರ್‌ಗಳನ್ನು ಬದಲಿಸುವುದು. ಆಗಲಿಲ್ಲ. ನಂತರ ಕೋಚೇ ಬದಲಾದರು: 2024ರ ಫೆಬ್ರವರಿ 2ರಂದು ಟಾಡ್ ಮೆಕ್ಲೆಲನ್ ಹೋಗಿ ಜಿಮ್ ಹಿಲ್ಲರ್ ಬಂದರು. ಅದು ಡುಬ್ವಾ ಒಬ್ಬನಿಗಾಗಿ ಅಲ್ಲ, ಡಿಸೆಂಬರ್ ಕೊನೆಯಿಂದ ತಂಡವೇ ಕುಸಿದಿತ್ತು. ಆದರೂ ಮೇಲಿನ ಎರಡು ಕುರ್ಚಿ ಹಾಗೇ ಇದ್ದವು. ಪ್ಲೇಆಫ್‌ನಲ್ಲಿ ಎಡ್ಮಂಟನ್ ಎದುರು ಐದೇ ಪಂದ್ಯದಲ್ಲಿ ಮನೆಗೆ.

ಆಮೇಲೆ ಗಡಿಯಾರ ಶುರುವಾಯಿತು. ಜೂನ್ 24ಕ್ಕೆ ಅವನಿಗೆ 26 ತುಂಬುತ್ತಿತ್ತು. ಅದಕ್ಕೆ ಮೊದಲು ಒಪ್ಪಂದ ಮುರಿದರೆ ತಂಡ ಉಳಿದ ಸಂಬಳದ ಮೂರನೇ ಒಂದು ಭಾಗ ಕೊಟ್ಟರೆ ಸಾಕು. ಆಮೇಲೆ ಮೂರನೇ ಎರಡು ಭಾಗ. ಜುಲೈ 1ರಿಂದ ಅವನ ಒಪ್ಪಿಗೆ ಇಲ್ಲದೆ ಬೇರೆಡೆಗೆ ಕಳಿಸುವಂತೆಯೂ ಇರಲಿಲ್ಲ. ಜೂನ್ 19ಕ್ಕೆ ವಾಷಿಂಗ್ಟನ್‌ನ ಗೋಲಿ ಡಾರ್ಸಿ ಕೆಂಪರ್ ಜೊತೆ ಒಬ್ಬನಿಗೆ ಒಬ್ಬ ಎಂದು ಅದಲುಬದಲು ಮಾಡಿಕೊಂಡರು. ಬೈಫೀಲ್ಡ್ ಮುಂದಿನ ವರ್ಷ ಸೆಂಟರ್‌ಗೆ ಮರಳಿದ.

ದುರಸ್ತಿಯಾದ ಮೇಲೆ ಮರುಪರೀಕ್ಷೆ ಮಾಡದೆ ಬಿಲ್ ಬರೆಯಬಾರದು. 66 ಪಾಯಿಂಟ್ ಒಂದೇ ಸಾಲದು. ಕೋಚ್ ಸ್ಪೆನ್ಸರ್ ಕಾರ್ಬೆರಿ ಅವನನ್ನು ಯಾರ ಎದುರಿಗೆ ಇಳಿಸುತ್ತಿದ್ದರು ನೋಡಿ: ಎದುರಾಳಿಯ ಅತ್ಯುತ್ತಮ ಲೈನ್ ಎದುರಿಗೆ. ಕಿಂಗ್ಸ್‌ನಲ್ಲಿ ಡನೋ ಮಾಡುತ್ತಿದ್ದ ಕೆಲಸವನ್ನೂ ಮಾಡಿ, ವಿನ್ನಿಪೆಗ್‌ನಲ್ಲಿ ತೆಗೆದದ್ದಕ್ಕಿಂತ ಜಾಸ್ತಿ ಪಾಯಿಂಟ್ ತೆಗೆದ. ಸೋಮಾರಿಗೆ ಆ ಎದುರಾಳಿಗಳನ್ನು ಯಾವ ಕೋಚೂ ಒಪ್ಪಿಸುವುದಿಲ್ಲ. ಅಂದಹಾಗೆ, ಲೀಗ್ ಪಟ್ಟಿಯಲ್ಲಿ ತಂಡ ಹಿಂದಿನ ವರ್ಷದ 91 ಪಾಯಿಂಟ್‌ನಿಂದ (ಇವು ಪಂದ್ಯದ ಫಲಿತಾಂಶಕ್ಕೆ ಸಿಗುವವು) 111ಕ್ಕೆ ಏರಿದ್ದನ್ನು ಪೂರ್ತಿ ಇವನ ಖಾತೆಗೆ ಹಾಕಬೇಡಿ. ಅದೇ ಬೇಸಿಗೆಯಲ್ಲಿ ಜೇಕಬ್ ಚಿಕ್ರನ್, ಲೋಗನ್ ಥಾಮ್ಸನ್, ಮ್ಯಾಟ್ ರಾಯ್ ಕೂಡ ಬಂದಿದ್ದರು.

ಇನ್ನೊಂದು ಪಾರ್ಟ್‌ನ ಕಥೆಯನ್ನೂ ನೋಡಿಬಿಡಿ. ವಾಷಿಂಗ್ಟನ್‌ನಲ್ಲಿ ಕೆಂಪರ್ ತನ್ನ ಜಾಗವನ್ನು ಚಾರ್ಲಿ ಲಿಂಡ್‌ಗ್ರೆನ್‌ಗೆ ಬಿಟ್ಟುಕೊಟ್ಟು ಕೂತಿದ್ದ, ಮುಗಿದವನು ಎಂದೇ ಮಾತಾಡುತ್ತಿದ್ದರು. ಲಾಸ್ ಏಂಜಲೀಸ್‌ಗೆ ಹೋದ ಮೇಲೆ 2025ರ ವೆಜಿನಾ ಟ್ರೋಫಿಯ, ಅಂದರೆ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಪ್ರಶಸ್ತಿಯ, ಕೊನೆಯ ಮೂವರಲ್ಲಿ ಒಬ್ಬನಾದ.